ಪುಟ್ಟ ವಿಮಾನದ ಮೈಮೇಲಿನ ಗುರುತು

ಹಳೆಯ ಹೊಲಿಗೆ ಯಂತ್ರದ ಕಪ್ಪು ಮೈಮೇಲೆ ಚಿನ್ನದ ಬಣ್ಣದ ಹೂಬಳ್ಳಿಯನ್ನು ಕಂಡವರು, ಯಾರೋ ಕುಂಚ ಹಿಡಿದು ಬರೆದದ್ದೆಂದು ತಿಳಿದಿರಬಹುದು. ಅದು ಬರೆದದ್ದಲ್ಲ. ಕಾಗದದ ಮೇಲೆ ಅಚ್ಚಾಗಿ, ನೀರಿನಲ್ಲಿ ನೆನೆದು, ಮೆಲ್ಲನೆ ಜಾರಿ ಬಂದು ಕಬ್ಬಿಣದ ಮೇಲೆ ಕುಳಿತ ಚಿತ್ರ ಅದು. ಹಳೆಯ ಸೈಕಲ್ಲುಗಳ ಮೇಲಿನ ಹೆಸರೂ ಬಹುಮಟ್ಟಿಗೆ ಹೀಗೆಯೇ ಕುಳಿತದ್ದು. ಇದಕ್ಕೆ ಡಿಕಾಲ್ ಎಂದು ಹೆಸರು. ಫ್ರೆಂಚ್ ಭಾಷೆಯ ಉದ್ದದ ಶಬ್ದವೊಂದನ್ನು ಇಂಗ್ಲಿಷರು ಮೊಟಕುಗೊಳಿಸಿಕೊಂಡದ್ದು.

ಈ ಡಿಕಾಲಿನ ವಿಷಯ ಬರೆಯಬೇಕೆನಿಸಿದ್ದು ನನ್ನ ತಂಗಿಯ ಮಗನಿಂದಾಗಿ. ಪ್ಲಸ್ ಟು ಓದುವ ಹುಡುಗ. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಯುದ್ಧಕಾಲದ ವಿಮಾನ ಕಟ್ಟುವ ಹುಚ್ಚು ಅವನಿಗೆ. ಕಳೆದ ರಜೆಯಲ್ಲಿ ಒಂದು ಹರಿಕೇನ್ ವಿಮಾನದ ಪೆಟ್ಟಿಗೆ ತರಿಸಿ, "ಮಾವ, ಇದನ್ನು ಅರ್ಜನ್ ಸಿಂಗರ ವಿಮಾನ ಮಾಡುತ್ತೇನೆ" ಎಂದ. ವಿಮಾನವೇನೋ ಸರಿಯಾದದ್ದೇ. 1944ರಲ್ಲಿ ಇಂಫಾಲದ ಮುತ್ತಿಗೆಯ ಕಾಲಕ್ಕೆ ಭಾರತೀಯ ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ ಹರಿಕೇನುಗಳನ್ನೇ ಹಾರಿಸುತ್ತಿತ್ತು. ಅದರ ನಾಯಕರಾಗಿದ್ದ ಅರ್ಜನ್ ಸಿಂಗರಿಗೆ ಮೌಂಟ್‌ಬ್ಯಾಟನ್ನರು ರಣರಂಗಕ್ಕೇ ಬಂದು ಡಿ.ಎಫ್.ಸಿ. ಪದಕ ತೊಡಿಸಿದರು. ಆದರೆ ಪೆಟ್ಟಿಗೆಯೊಳಗಿನ ಡಿಕಾಲ್ ಹಾಳೆಯಲ್ಲಿದ್ದದ್ದು ಯುರೋಪಿನ ರಂಗದ ಗುರುತುಗಳು. ನೀಲಿ, ಬಿಳಿ, ನಡುವೆ ಕೆಂಪು ಬೊಟ್ಟು. ಆ ಕೆಂಪು ಬೊಟ್ಟಿನಲ್ಲೇ ತೊಡಕು.

ಬರ್ಮಾ ರಂಗದಲ್ಲಿ ಕೆಂಪು ಎಂದರೆ ಜಪಾನ್. ಜಪಾನೀ ವಿಮಾನದ ರೆಕ್ಕೆಯ ಮೇಲೆ ದುಂಡನೆಯ ಕೆಂಪು ಸೂರ್ಯ. ಗಂಟೆಗೆ ಮುನ್ನೂರು ಮೈಲಿ ವೇಗದಲ್ಲಿ ಎದುರಾದಾಗ ಕಣ್ಣಿಗೆ ಮೊದಲು ಬೀಳುವುದು ಬಣ್ಣವೇ ಹೊರತು ಆಕಾರವಲ್ಲ. ಕೆಂಪು ಕಂಡೊಡನೆ ಗುಂಡು ಹಾರಿಸಿದರೆ ಬೀಳುವವನು ತಮ್ಮವನೇ ಆಗಬಹುದು. ಆದ್ದರಿಂದ ಮೊದಮೊದಲು ಕೆಂಪಿನ ಮೇಲೆ ಬಿಳಿ ಬಳಿದರು. ಮುಂದೆ ಕಡುನೀಲಿಯ ನಡುವೆ ತಿಳಿನೀಲಿ ಎಂಬ ಎರಡೇ ಬಣ್ಣದ ಚಕ್ರ ರೂಢಿಗೆ ಬಂತು. ಅಮೆರಿಕದವರೂ ಇದೇ ಕಾರಣಕ್ಕೆ 1942ರ ಮೇ ತಿಂಗಳಲ್ಲಿ ತಮ್ಮ ಬಿಳಿ ನಕ್ಷತ್ರದ ನಡುವಿನ ಕೆಂಪು ಬೊಟ್ಟನ್ನು ಅಳಿಸಿದರು. 1943ರ ಜೂನಿನಲ್ಲಿ ನಕ್ಷತ್ರದ ಎರಡು ಪಕ್ಕಕ್ಕೂ ಬಿಳಿ ಪಟ್ಟಿ ಸೇರಿಸಿ ಸುತ್ತ ಕೆಂಪು ಅಂಚು ಕೊಟ್ಟರು. ಮತ್ತೆ ಅದೇ ಹೆದರಿಕೆ. ಸೆಪ್ಟೆಂಬರಿಗೆ ಆ ಅಂಚೂ ನೀಲಿಯಾಯಿತು. ಹಾಗಾಗಿ ಕೆಂಪು ಅಂಚಿನ ನಕ್ಷತ್ರ ಹೊತ್ತ ಮಾದರಿ ವಿಮಾನವೊಂದನ್ನು ಕಂಡರೆ, ತಿಳಿದವರು ಅದು ಇಂತಿಷ್ಟೇ ತಿಂಗಳುಗಳದ್ದೆಂದು ಹೇಳಬಲ್ಲರು.

ಪೆಟ್ಟಿಗೆಯೊಡನೆ ಬರುವ ಹಾಳೆಯಲ್ಲಿ ಸಾಮಾನ್ಯವಾಗಿ ಒಂದೆರಡು ವಿಮಾನಗಳ ಗುರುತುಗಳಿಗಷ್ಟೇ ಜಾಗ. ಏರ್‌ಫಿಕ್ಸ್ ಕಂಪೆನಿ 1953ರಲ್ಲಿ ತನ್ನ ಮೊದಲ ಸ್ಪಿಟ್‌ಫೈರ್ ಮಾದರಿಯನ್ನು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ತಂದಾಗ, ಅದನ್ನು ಕೊಂಡ ಮಕ್ಕಳೆಲ್ಲರೂ ಕಟ್ಟಿದ್ದು ಒಂದೇ ಅಕ್ಷರಗಳ ವಿಮಾನವನ್ನು. ನಿಜವಾದ ಸ್ಪಿಟ್‌ಫೈರುಗಳಾದರೋ ಇಪ್ಪತ್ತು ಸಾವಿರಕ್ಕೂ ಮೀರಿ ತಯಾರಾಗಿದ್ದವು. ಉಳಿದವುಗಳ ಪಾಡೇನು? ಈ ಪ್ರಶ್ನೆಯಿಂದಲೇ ಬೇರೊಂದು ಕಸುಬು ಹುಟ್ಟಿತು. ವಿಮಾನ ಒಬ್ಬರದು, ಗುರುತಿನ ಹಾಳೆ ಇನ್ನೊಬ್ಬರದು. ಅಮೆರಿಕದ ಮೈಕ್ರೋಸ್ಕೇಲ್, ಇಂಗ್ಲೆಂಡಿನ ಮಾಡೆಲ್‌ಡಿಕಾಲ್ ಮೊದಲಾದ ಹೆಸರುಗಳು ಹವ್ಯಾಸಿಗಳ ಬಾಯಲ್ಲಿ ನಿಂತದ್ದು ಹೀಗೆ. ಒಂದೇ ಅಚ್ಚಿನ ಪ್ಲಾಸ್ಟಿಕ್ಕು ಈ ಹಾಳೆಯಿಂದಾಗಿ ಇಂಥ ದಿನ, ಇಂಥ ನಿಲ್ದಾಣದಿಂದ, ಇಂಥವನು ಹಾರಿಸಿದ ವಿಮಾನವಾಗುತ್ತದೆ.

ಹಾಳೆ ತಯಾರಿಸುವುದು ನೋಡಿದಷ್ಟು ಸುಲಭವಲ್ಲ. ನೀರಿಗೆ ಕರಗುವ ಅಂಟು ಬಳಿದ ಕಾಗದ. ಅದರ ಮೇಲೆ ವಾರ್ನಿಷಿನ ತೆಳುಪೊರೆ ಮತ್ತು ಒಂದೊಂದಾಗಿ ಅಚ್ಚಾಗುವ ಬಣ್ಣಗಳು. ತಿಳಿಬಣ್ಣಗಳ ಕೆಳಗೆ ಬಿಳಿಯ ಹಾಸು ಇರದಿದ್ದರೆ ವಿಮಾನದ ಹಸಿರು ಮೇಲಕ್ಕೆ ಇಣುಕುತ್ತದೆ. ಒಂದು ಬಣ್ಣ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಚಕ್ರದ ನಡುಬೊಟ್ಟು ಮೆಳ್ಳೆಗಣ್ಣಿನಂತೆ ಕಾಣುತ್ತದೆ. ಬ್ರಿಟಿಷ್ ವಿಮಾನದ ಬಾಲದ ಬಳಿ ಎಂಟು ಇಂಚು ಎತ್ತರದ ಕ್ರಮಸಂಖ್ಯೆ ಬರೆಯುತ್ತಿದ್ದರು. ಎಪ್ಪತ್ತೆರಡರಲ್ಲೊಂದು ಪಾಲಿನ ಮಾದರಿಯಲ್ಲಿ ಅದು ಮೂರು ಮಿಲಿಮೀಟರಿಗೂ ಕಡಿಮೆ. ಅಷ್ಟರಲ್ಲೂ ಅಕ್ಷರ ಓದಲು ಬರಬೇಕು.

ಅಂಟಿಸುವವನ ಕಷ್ಟ ಬೇರೆ. ಒರಟು ಬಣ್ಣದ ಮೇಲೆ ನೇರವಾಗಿ ಅಂಟಿಸಿದರೆ ಪೊರೆಯ ಅಡಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಹೊಳೆಯುತ್ತದೆ. ಅದಕ್ಕೆಂದೇ ಮೊದಲು ಹೊಳಪಿನ ವಾರ್ನಿಷ್ ಬಳಿದು ಮೈಯನ್ನು ನುಣುಪು ಮಾಡಿಕೊಳ್ಳಬೇಕು. ಆಮೇಲೆ ಪೊರೆಯನ್ನು ಮೆದುವಾಗಿಸುವ ಒಂದು ದ್ರವವುಂಟು. ಅದನ್ನು ಹಚ್ಚಿದೊಡನೆ ಡಿಕಾಲ್ ಮುದುಡಿ ಅಜ್ಜಿಯ ಕೆನ್ನೆಯಾಗುತ್ತದೆ. ಹೆದರಿ ಬೆರಳಿಟ್ಟರೆ ಕೆಟ್ಟಿತು. ಸುಮ್ಮನೆ ಬಿಟ್ಟು ಬಂದರೆ ಬೆಳಗಾಗುವಷ್ಟರಲ್ಲಿ ರೆಕ್ಕೆಯ ಗೀರುಗಳೊಳಗೂ ಇಳಿದು, ಬಣ್ಣವೇ ಬಳಿದಂತೆ ಕುಳಿತಿರುತ್ತದೆ. ಮುಟ್ಟದೆ ಇರುವುದೇ ಇದರಲ್ಲಿ ದೊಡ್ಡ ವಿದ್ಯೆ. ನನಗಂತೂ ಅದು ಬಾರದು, ಒಂದು ಚಕ್ರವನ್ನು ಹರಿದು ಹುಡುಗನ ಸಿಟ್ಟಿಗೆ ಗುರಿಯಾದೆ. ನಮ್ಮ ಕರಾವಳಿಯ ಆಟಿ ತಿಂಗಳ ತೇವವೂ ಈ ಹಾಳೆಗಳಿಗೆ ಶತ್ರು. ಹಳತಾಗಿ ಹಳದಿಗಟ್ಟಿದ ಹಾಳೆಯನ್ನಾದರೆ ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಕೆಲವು ದಿನ ಅಂಟಿಸಿಟ್ಟು ಬೆಳ್ಳಗೆ ಮಾಡುವುದುಂಟು.

ಇನ್ನು ಸತ್ಯದ ಮಾತು. ಆ ಕಾಲದ ಫೋಟೋಗಳು ಹೆಚ್ಚಾಗಿ ಕಪ್ಪು-ಬಿಳುಪು. ಅದರಲ್ಲೂ ಒಂದು ಬಗೆಯ ಹಳೆಯ ಫಿಲ್ಮಿಗೆ ಕೆಂಪು ಬಣ್ಣವೇ ಕಾಣುತ್ತಿರಲಿಲ್ಲ. ಕೆಂಪೂ ಹಳದಿಯೂ ಕಪ್ಪಾಗಿ, ನೀಲಿ ಬೆಳ್ಳಗಾಗಿ ಮೂಡುತ್ತಿದ್ದವು. ಅಂಥ ಒಂದೇ ಫೋಟೋ ಮುಂದಿಟ್ಟುಕೊಂಡು ಬಣ್ಣ ನಿರ್ಧರಿಸುವವನು ಅರ್ಧ ಇತಿಹಾಸಕಾರ, ಅರ್ಧ ಜೋಯಿಸ. ಒಮ್ಮೆ ಅಚ್ಚಾಗಿ ಮಾರಾಟವಾದ ತಪ್ಪು ಸಾವಿರ ಮನೆಗಳ ಕಪಾಟಿನಲ್ಲಿ ಸತ್ಯವಾಗಿ ಕುಳಿತುಬಿಡುತ್ತದೆ. ಅತಿ ಅಚ್ಚುಕಟ್ಟೂ ಒಮ್ಮೊಮ್ಮೆ ಸುಳ್ಳೇ. 1944ರ ಜೂನಿನಲ್ಲಿ ನಾರ್ಮಂಡಿಗೆ ಸೇನೆ ಇಳಿಯುವ ಮುನ್ನ ಮಿತ್ರಪಕ್ಷದ ವಿಮಾನಗಳಿಗೆ ಕಪ್ಪು-ಬಿಳಿ ಪಟ್ಟೆ ಬಳಿಯಬೇಕೆಂದು ಆಜ್ಞೆಯಾಯಿತು. ಸಿಕ್ಕಿದ ಕುಂಚ ಹಿಡಿದು ಅವಸರದಲ್ಲಿ ಎಳೆದ ಪಟ್ಟೆಗಳು ಅಂಕುಡೊಂಕು. ಡಿಕಾಲಿನ ಪಟ್ಟೆಯಾದರೋ ಅಳತೆಗೋಲಿಟ್ಟು ಎಳೆದಂತೆ ನೇರ.

ಅಚ್ಚು ಹಾಕಬೇಕೋ ಬೇಡವೋ ಎಂಬ ಚಿಹ್ನೆಯೂ ಒಂದುಂಟು. ನಮ್ಮ ಹೊಸ್ತಿಲ ಮೇಲೆ ಮಂಗಲಸೂಚಕವಾದ ಸ್ವಸ್ತಿಕವನ್ನು ಹಿಟ್ಲರನ ವಿಮಾನಗಳು ಬಾಲದ ಮೇಲೆ ಹೊತ್ತಿದ್ದವು. ಇಂದು ಜರ್ಮನಿಯಲ್ಲಿ ನಾಜಿ ಚಿಹ್ನೆಯ ಪ್ರದರ್ಶನಕ್ಕೆ ಕಾನೂನಿನ ತಡೆಯಿದೆ. ಆದ್ದರಿಂದ ಎಷ್ಟೋ ಪೆಟ್ಟಿಗೆಗಳಲ್ಲಿ ಬಾಲ ಬರಿದು. ಕೆಲವು ಹಾಳೆಗಳಲ್ಲಿ ಅದನ್ನು ಎರಡು ತುಂಡಾಗಿ ಅಚ್ಚು ಹಾಕುತ್ತಾರೆ. ಕೂಡಿಸುವ ಪಾಪ ಕೊಂಡವನಿಗೆ! ನನಗೆ ಈ ಜಾಣತನ ಹಿಡಿಸದು. ವಸ್ತುಸಂಗ್ರಹಾಲಯದ ವಿಮಾನದ ಮೇಲೆ ಅದು ಇರಲಿ, ಮಕ್ಕಳ ಕಪಾಟಿನಲ್ಲಿ ಇಲ್ಲದಿದ್ದರೆ ನಷ್ಟವಿಲ್ಲ ಎಂದೇ ನನ್ನ ಎಣಿಕೆ. ಫಿನ್ಲೆಂಡಿನ ಕಥೆ ಬೇರೆ. 1918ರಲ್ಲಿ ಸ್ವೀಡನ್ನಿನ ಶ್ರೀಮಂತನೊಬ್ಬ ಅವರಿಗೆ ದಾನಕೊಟ್ಟ ವಿಮಾನದ ಮೇಲೆ ತನ್ನ ಅದೃಷ್ಟದ ಗುರುತೆಂದು ನೀಲಿ ಸ್ವಸ್ತಿಕ ಬರೆಸಿದ್ದ. ನಾಜಿಗಳ ಹೆಸರೇ ಇಲ್ಲದ ಕಾಲ ಅದು. 1945ರವರೆಗೂ ಫಿನ್ನಿಷ್ ವಿಮಾನಗಳ ಮೇಲೆ ಅದೇ ಉಳಿಯಿತು.

ಹಾಳೆಯ ಮೂಲೆಯಲ್ಲಿ ಸಾಲಾಗಿ ಪುಟ್ಟ ಗೀಟುಗಳಿರುತ್ತವೆ. ಅವು ಪೈಲಟ್ ಕೆಡವಿದ ವಿಮಾನಗಳ ಲೆಕ್ಕ. ಆಫ್ರಿಕದ ಮರಳುಗಾಡಿನಲ್ಲಿ ಹಳದಿ 14 ಎಂಬ ಗುರುತಿನ ವಿಮಾನ ಹಾರಿಸಿದ ಜರ್ಮನ್ ಪೈಲಟ್ ಮಾರ್ಸೇಲನ ಲೆಕ್ಕ 158. ದಿನದಿನಕ್ಕೂ ಬಾಲದ ಗೀಟುಗಳು ಹೆಚ್ಚುತ್ತಿದ್ದುದರಿಂದ ಯಾವ ದಿನದ ವಿಮಾನವೆಂದು ಕಟ್ಟುವವನು ಆರಿಸಿಕೊಳ್ಳಬೇಕು. 1942ರ ಸೆಪ್ಟೆಂಬರ್ 30ರಂದು ಎಂಜಿನಿನಿಂದ ಹೊಗೆ ತುಂಬಿ ಆತ ಹೊರಕ್ಕೆ ಹಾರಿದ, ಪ್ಯಾರಾಚ್ಯೂಟ್ ಬಿಚ್ಚಲಿಲ್ಲ. ವಯಸ್ಸು 22. ಚಿಮಟಿಗೆಯ ತುದಿಯಲ್ಲಿ ಆ ಗೀಟುಗಳನ್ನು ಎತ್ತಿ ಕೂರಿಸುವಾಗ, ಒಂದೊಂದರ ಹಿಂದೆಯೂ ಇನ್ನೊಬ್ಬ ಹುಡುಗ ಕುಳಿತಿದ್ದನೆಂಬುದು ನೆನಪಾದರೆ ಕೈ ತುಸು ತಡೆಯುತ್ತದೆ.

ನಮ್ಮ ಹುಡುಗನ ಹರಿಕೇನಿಗೆ ಕೊನೆಗೂ ಬರ್ಮಾ ರಂಗದ ಚಕ್ರಗಳ ಬೇರೊಂದು ಹಾಳೆ ಅಂಚೆಯಲ್ಲಿ ಬಂತು. ಎರಡು ನೀಲಿಗಳ ಚಕ್ರ ಆರೂವರೆ ಇಂಚಿನ ಚಿಲ್ಲರೆ ಅಗಲದ ರೆಕ್ಕೆಯ ಮೇಲೆ ಚೆನ್ನಾಗಿಯೇ ಕುಳಿತಿತು. ಆದರೆ ಅರ್ಜನ್ ಸಿಂಗರು ಹಾರಿಸಿದ ವಿಮಾನದ ಕ್ರಮಸಂಖ್ಯೆ ಅವನಿಗೆ ದೊರೆಯಲಿಲ್ಲ. ಹಾಳೆಯಲ್ಲಿ ಬೇರೆ ವಿಮಾನಗಳ ಸಂಖ್ಯೆಗಳು ಬೇಕಾದಷ್ಟಿದ್ದವು.

"ಯಾವುದಾದರೂ ಒಂದು ಹಾಕು ಮಾರಾಯ, ಯಾರು ನೋಡುತ್ತಾರೆ?" ಎಂದೆ.

"ಅದು ಬೇರೆಯವರ ವಿಮಾನ ಆಗ್ತದಲ್ಲ ಮಾವ" ಎಂದ.

ಸಂಖ್ಯೆಯಿಲ್ಲದ ಆ ಹರಿಕೇನ್ ಈಗ ಅವರ ಮನೆಯ ಚಾವಡಿಯ ಕಪಾಟಿನಲ್ಲಿದೆ. ಬಾಲದ ಬಳಿ ಮೂರು ಮಿಲಿಮೀಟರಿನಷ್ಟು ಜಾಗ ಖಾಲಿ.