ಮೈಸೂರಿನ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು

ಮೈಸೂರಿನ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂದರೆ ಮೈಸೂರು ನಗರದ ಸಾರ್ವಜನಿಕ ವಿದ್ಯಾಸಂಸ್ಥೆಗಳು ಸಿದ್ಧಪಡಿಸಿ ಅಂತರಜಾಲದ ಮೂಲಕ ಶುಲ್ಕವಿಲ್ಲದೆ ಒದಗಿಸುವ ಪಾಠದ ವೀಡಿಯೊಗಳು, ಪಠ್ಯಗಳು, ನಿಘಂಟುಗಳು, ವಿಶ್ವಕೋಶದ ಲೇಖನಗಳು ಮೊದಲಾದ ಕಲಿಕಾ ಸಾಮಗ್ರಿಗಳು. ಮೈಸೂರು ವಿಶ್ವವಿದ್ಯಾನಿಲಯ, ಭಾರತೀಯ ಭಾಷಾ ಸಂಸ್ಥಾನ ಮತ್ತು ಪ್ರಾದೇಶಿಕ ಶಿಕ್ಷಣ ಸಂಸ್ಥೆಗಳು ಈ ಕ್ಷೇತ್ರದಲ್ಲಿ ತೊಡಗಿರುವ ಪ್ರಮುಖ ಸಂಸ್ಥೆಗಳಾಗಿವೆ. ಈ ಸಾಮಗ್ರಿಗಳಲ್ಲಿ ಕೆಲವು ನೋಡಲು ಮತ್ತು ಓದಲು ಮಾತ್ರ ಉಚಿತವಾಗಿದ್ದರೆ, ಮತ್ತೆ ಕೆಲವನ್ನು ಯಾರು ಬೇಕಾದರೂ ಅನುವಾದಿಸಿ, ತಿದ್ದಿ, ಮರುಹಂಚಬಹುದಾಗಿದೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳ ದೃಷ್ಟಿಯಿಂದ ಈ ವ್ಯತ್ಯಾಸವು ಮಹತ್ವದ್ದಾಗಿದೆ.

ಪದದ ಅರ್ಥ

'ಮುಕ್ತ ಶೈಕ್ಷಣಿಕ ಸಂಪನ್ಮೂಲ' ಎಂಬ ಪರಿಕಲ್ಪನೆಯು 2002ರಲ್ಲಿ ಯುನೆಸ್ಕೊ ಕರೆದಿದ್ದ ಸಭೆಯಲ್ಲಿ ಬಳಕೆಗೆ ಬಂದಿತು. ಅದರ ಹಿಂದಿನ ವರ್ಷ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ತನ್ನ ತರಗತಿಗಳ ಪಾಠಸಾಮಗ್ರಿಯನ್ನು ಅಂತರಜಾಲದಲ್ಲಿ ಎಲ್ಲರಿಗೂ ಒದಗಿಸುವುದಾಗಿ ಪ್ರಕಟಿಸಿತ್ತು. 2019ರ ನವೆಂಬರ್‌ನಲ್ಲಿ ಯುನೆಸ್ಕೊದ ಮಹಾಧಿವೇಶನವು ಈ ಕುರಿತು ಸದಸ್ಯರಾಷ್ಟ್ರಗಳಿಗೆ ಶಿಫಾರಸೊಂದನ್ನು ಅಂಗೀಕರಿಸಿತು.

ಕನ್ನಡದಲ್ಲಿ 'ಉಚಿತ' ಮತ್ತು 'ಮುಕ್ತ' ಎಂಬ ಪದಗಳನ್ನು ಅನೇಕ ವೇಳೆ ಒಂದೇ ಅರ್ಥದಲ್ಲಿ ಬಳಸಲಾಗುತ್ತದೆ. ಆದರೆ ಶೈಕ್ಷಣಿಕ ಸಾಮಗ್ರಿಯ ಸಂದರ್ಭದಲ್ಲಿ ಇವು ಬೇರೆ ಬೇರೆ. ಹಣ ಕೊಡದೆ ನೋಡಬಹುದಾದದ್ದು ಉಚಿತ. ಇಟ್ಟುಕೊಳ್ಳುವ, ಮರುಬಳಸುವ, ಮಾರ್ಪಡಿಸುವ, ಬೇರೆ ಸಾಮಗ್ರಿಯೊಡನೆ ಬೆರೆಸುವ ಹಾಗೂ ಮರುಹಂಚುವ ಹಕ್ಕುಗಳನ್ನು ಹಕ್ಕುದಾರರು ಮೊದಲೇ ಎಲ್ಲರಿಗೂ ನೀಡಿರುವಂಥದ್ದು ಮುಕ್ತ. ಇಂತಹ ಅನುಮತಿಯನ್ನು ಸಾಮಾನ್ಯವಾಗಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಮೂಲಕ ನೀಡಲಾಗುತ್ತದೆ. 'ಮುಕ್ತ ವಿಶ್ವವಿದ್ಯಾನಿಲಯ' ಎಂಬಲ್ಲಿ ಈ ಪದಕ್ಕೆ ಮೂರನೆಯ ಅರ್ಥವೂ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ ವಿಭಾಗದಿಂದ ಬೆಳೆದು 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಹೆಸರಿನಲ್ಲಿ 'ಮುಕ್ತ' ಎಂಬುದು ದೂರಶಿಕ್ಷಣದ ಸಡಿಲ ಪ್ರವೇಶ ನಿಯಮಗಳನ್ನು ಸೂಚಿಸುತ್ತದೆಯೇ ಹೊರತು ಪಾಠಸಾಮಗ್ರಿಯ ಪರವಾನಗಿಯನ್ನಲ್ಲ.

ಹಿನ್ನೆಲೆ

ವಿದ್ಯೆಯನ್ನು ತರಗತಿಯ ಹೊರಗೆ ಕೊಂಡೊಯ್ಯುವ ಪ್ರಯತ್ನಗಳು ಮೈಸೂರಿನಲ್ಲಿ ಅಂತರಜಾಲಕ್ಕಿಂತ ಬಹಳ ಹಿಂದಿನವು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ನೀಡುತ್ತಿದ್ದರು. ಆ ಉಪನ್ಯಾಸಗಳನ್ನು ಕಡಿಮೆ ಬೆಲೆಯ ಕಿರುಪುಸ್ತಕಗಳಾಗಿ ಪ್ರಕಟಿಸಲಾಗುತ್ತಿತ್ತು. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದು 'ಆಕಾಶವಾಣಿ' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ಉನ್ನತ ಶಿಕ್ಷಣದಲ್ಲಿ ಕನ್ನಡ ಮಾಧ್ಯಮಕ್ಕೆ ಒತ್ತು ನೀಡಿದರು. ಮಾನಸಗಂಗೋತ್ರಿ ಆವರಣವೂ ಅವರ ಕಾಲದಲ್ಲಿ ರೂಪುಗೊಂಡಿತು.

ದೂರದರ್ಶನದಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಉನ್ನತ ಶಿಕ್ಷಣ ಕಾರ್ಯಕ್ರಮಗಳು 1984ರ ಆಗಸ್ಟ್ 15ರಂದು ಆರಂಭವಾದವು. ಇವುಗಳನ್ನು ತಯಾರಿಸಲು ಆಯೋಗವು ದೇಶದ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಮಾಧ್ಯಮ ಕೇಂದ್ರಗಳನ್ನು ತೆರೆಯಿತು. ಅವುಗಳ ಸಂಯೋಜನೆಗಾಗಿ 1993ರಲ್ಲಿ ದೆಹಲಿಯಲ್ಲಿ ಶೈಕ್ಷಣಿಕ ಸಂವಹನ ಒಕ್ಕೂಟವು ಸ್ಥಾಪನೆಯಾಯಿತು.

ಶೈಕ್ಷಣಿಕ ಬಹುಮಾಧ್ಯಮ ಸಂಶೋಧನಾ ಕೇಂದ್ರ ಮತ್ತು ಸ್ವಯಂ

ಮೇಲೆ ಹೇಳಿದ ಮಾಧ್ಯಮ ಕೇಂದ್ರಗಳಲ್ಲಿ ಒಂದು ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಇದನ್ನು ಶೈಕ್ಷಣಿಕ ಬಹುಮಾಧ್ಯಮ ಸಂಶೋಧನಾ ಕೇಂದ್ರ, ಸಂಕ್ಷಿಪ್ತವಾಗಿ ಇಎಂಆರ್‌ಸಿ, ಎಂದು ಕರೆಯಲಾಗುತ್ತದೆ. ದೂರದರ್ಶನಕ್ಕಾಗಿ ಕಾರ್ಯಕ್ರಮಗಳನ್ನು ತಯಾರಿಸುವ ವ್ಯವಸ್ಥೆಯ ಭಾಗವಾಗಿದ್ದ ಈ ಕೇಂದ್ರವು ಈಗ 'ಸ್ವಯಂ' ವೇದಿಕೆಗಾಗಿ ಅಂತರಜಾಲ ಪಾಠಕ್ರಮಗಳನ್ನೂ ಸಿದ್ಧಪಡಿಸುತ್ತದೆ.

ಸ್ವಯಂ ಎಂಬುದು ಕೇಂದ್ರ ಸರ್ಕಾರದ ಅಂತರಜಾಲ ಕಲಿಕಾ ವೇದಿಕೆ. ಇದು ಉಪಗ್ರಹ ವಾಹಿನಿಗಳ ಸಮೂಹವಾದ 'ಸ್ವಯಂ ಪ್ರಭಾ'ದೊಂದಿಗೆ 2017ರ ಜುಲೈ 9ರಂದು ಉದ್ಘಾಟನೆಯಾಯಿತು. ಇಲ್ಲಿನ ಪ್ರತಿಯೊಂದು ಪಾಠಕ್ರಮಕ್ಕೂ ನಾಲ್ಕು ಅಂಗಗಳಿವೆ: ವೀಡಿಯೊ ಉಪನ್ಯಾಸ, ಓದುವ ಸಾಮಗ್ರಿ, ಸ್ವಯಂ ಮೌಲ್ಯಮಾಪನದ ಪ್ರಶ್ನೆಗಳು ಹಾಗೂ ಸಂದೇಹ ನಿವಾರಣೆಗಾಗಿ ಚರ್ಚಾವೇದಿಕೆ. ನೋಂದಣಿ ಮತ್ತು ಕಲಿಕೆ ಉಚಿತ. ಪ್ರಮಾಣಪತ್ರ ಬೇಕಾದವರು ಶುಲ್ಕ ಪಾವತಿಸಿ, ನಿಗದಿತ ಕೇಂದ್ರದಲ್ಲಿ ಪರೀಕ್ಷೆ ಬರೆಯಬೇಕು. ಧನಸಹಾಯ ಆಯೋಗದ 2021ರ ನಿಯಮಾವಳಿಯ ಪ್ರಕಾರ ವಿದ್ಯಾಸಂಸ್ಥೆಗಳು ಒಂದು ಸೆಮಿಸ್ಟರಿನಲ್ಲಿ ಬೋಧಿಸುವ ಪಾಠಕ್ರಮಗಳ ಪೈಕಿ ಶೇ. 40ರವರೆಗೆ ಸ್ವಯಂ ಮೂಲಕ ಕಲಿಯಲು ಅವಕಾಶ ನೀಡಬಹುದು. 2016ರ ನಿಯಮಾವಳಿಯಲ್ಲಿ ಈ ಮಿತಿ ಶೇ. 20 ಆಗಿತ್ತು. ಕ್ರೆಡಿಟ್ ವರ್ಗಾವಣೆ ಬಯಸುವ ವಿದ್ಯಾರ್ಥಿಗಳು ತಮ್ಮ ಸಂಸ್ಥೆಯು ಆ ಪಾಠಕ್ರಮವನ್ನು ಮಾನ್ಯ ಮಾಡಿದೆಯೇ ಎಂಬುದನ್ನು ನೋಂದಣಿಗೆ ಮುನ್ನ ಖಚಿತಪಡಿಸಿಕೊಳ್ಳುವುದು ಅಗತ್ಯ.

ಭಾರತವಾಣಿ

ಭಾರತೀಯ ಭಾಷಾ ಸಂಸ್ಥಾನವು 1969ರ ಜುಲೈ 17ರಂದು ಮೈಸೂರಿನಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಸಂಸ್ಥೆ. ಇದು ನಿರ್ವಹಿಸುವ 'ಭಾರತವಾಣಿ' ಜಾಲತಾಣವು 2016ರ ಮೇ ತಿಂಗಳಿನಲ್ಲಿ ಲೋಕಾರ್ಪಣೆಗೊಂಡಿತು. ಭಾರತದ ಭಾಷೆಗಳಲ್ಲಿ ಮತ್ತು ಆ ಭಾಷೆಗಳ ಕುರಿತು ಪ್ರಕಟವಾಗಿರುವ ಸಾಮಗ್ರಿಯನ್ನು ಒಂದೆಡೆ ಒದಗಿಸುವುದು ಇದರ ಉದ್ದೇಶ. ಪಠ್ಯಪುಸ್ತಕ, ಜ್ಞಾನ, ಶಬ್ದ, ಭಾಷೆ, ಬಹುಮಾಧ್ಯಮ ಮುಂತಾದ ಹೆಸರಿನ 'ಕೋಶ'ಗಳಾಗಿ ಸಾಮಗ್ರಿಯನ್ನು ವಿಂಗಡಿಸಲಾಗಿದೆ. ಮುದ್ರಿತ ನಿಘಂಟುಗಳನ್ನು ಹುಡುಕಬಹುದಾದ ರೂಪಕ್ಕೆ ತಂದಿರುವುದು ಇದರ ಮುಖ್ಯ ಉಪಯೋಗಗಳಲ್ಲೊಂದು. ಉನ್ನತ ಶಿಕ್ಷಣದ ಪಠ್ಯಗಳನ್ನು ಭಾರತೀಯ ಭಾಷೆಗಳಿಗೆ ತರುವ ರಾಷ್ಟ್ರೀಯ ಅನುವಾದ ಮಿಷನ್ ಕೂಡ ಇದೇ ಸಂಸ್ಥಾನದಲ್ಲಿ ನೆಲೆಗೊಂಡಿದೆ.

ಕನ್ನಡ ವಿಶ್ವಕೋಶ

ಮೈಸೂರು ವಿಶ್ವವಿದ್ಯಾನಿಲಯವು ಪ್ರಕಟಿಸಿದ ಕನ್ನಡ ವಿಶ್ವಕೋಶವು ವಿಜ್ಞಾನ, ಮಾನವಿಕ, ಕಲೆ ಮೊದಲಾದ ಎಲ್ಲ ವಿಷಯಗಳನ್ನೂ ಒಳಗೊಂಡ, 14 ಸಂಪುಟಗಳ ಆಕರಗ್ರಂಥ. ಗ್ರಂಥಾಲಯಗಳಿಗೆ ಸೀಮಿತವಾಗಿದ್ದ ಈ ಕೃತಿಯ ಸಂಪುಟಗಳನ್ನು 2014ರಲ್ಲಿ ವಿಶ್ವವಿದ್ಯಾನಿಲಯವು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಬಳಿಕ ಇದರ ಲೇಖನಗಳು ಕನ್ನಡ ವಿಕಿಸೋರ್ಸ್‌ಗೆ ಸೇರ್ಪಡೆಯಾದವು. ಹಲವು ಲೇಖನಗಳು ಕನ್ನಡ ವಿಕಿಪೀಡಿಯದಲ್ಲಿಯೂ ಬಳಕೆಯಾಗಿವೆ.

ಉಚಿತ ಮತ್ತು ಮುಕ್ತಗಳ ನಡುವಿನ ವ್ಯತ್ಯಾಸಕ್ಕೆ ಇದು ಸ್ಪಷ್ಟ ಉದಾಹರಣೆ. ಮುದ್ರಣವಾಗಿ ದಶಕಗಳು ಕಳೆದಿರುವ ಲೇಖನಗಳಲ್ಲಿ ಜನಸಂಖ್ಯೆ, ಜಿಲ್ಲೆಗಳ ಗಡಿ, ವೈದ್ಯಕೀಯ ಚಿಕಿತ್ಸೆ ಮುಂತಾದ ವಿವರಗಳು ಹಳತಾಗಿರುತ್ತವೆ. ಸಂಪುಟಗಳನ್ನು ಓದಲು ಮಾತ್ರ ಉಚಿತವಾಗಿ ನೀಡಿದ್ದರೆ ಈ ಲೇಖನಗಳು ಹಾಗೆಯೇ ಉಳಿಯುತ್ತಿದ್ದವು. ಮುಕ್ತ ಪರವಾನಗಿ ಇರುವುದರಿಂದ ಮೂಲವನ್ನು ಹೆಸರಿಸಿ, ವಿವರಗಳನ್ನು ಪರಿಷ್ಕರಿಸಿ, ಅದೇ ಷರತ್ತಿನಡಿ ಮತ್ತೆ ಪ್ರಕಟಿಸಲು ಯಾವ ಸಂಪಾದಕರಿಗಾದರೂ ಸಾಧ್ಯವಾಗಿದೆ.

ಶಾಲಾ ಶಿಕ್ಷಣ

ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು 1963ರಲ್ಲಿ ಆರಂಭವಾಯಿತು. ಇದು ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತಿನ ಅಂಗವಾಗಿದ್ದು, ದಕ್ಷಿಣದ ರಾಜ್ಯಗಳ ಶಿಕ್ಷಕರ ತರಬೇತಿಯಲ್ಲಿ ತೊಡಗಿದೆ. ಪರಿಷತ್ತಿನ ಮುಕ್ತ ಸಂಪನ್ಮೂಲ ಭಂಡಾರವು 2013ರಲ್ಲಿಯೂ, ಶಾಲಾ ಶಿಕ್ಷಣದ 'ದೀಕ್ಷಾ' ವೇದಿಕೆಯು 2017ರಲ್ಲಿಯೂ ಆರಂಭವಾದವು. ಕರ್ನಾಟಕದ ಪಠ್ಯಪುಸ್ತಕಗಳಲ್ಲಿ ಮುದ್ರಿಸಲಾಗಿರುವ ಕ್ಯೂಆರ್ ಸಂಕೇತವನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿದರೆ ಆಯಾ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿಯು ದೀಕ್ಷಾದಲ್ಲಿ ತೆರೆದುಕೊಳ್ಳುತ್ತದೆ.

ರಾಜ್ಯಮಟ್ಟದಲ್ಲಿ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಹಾಗೂ ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆಯ ಸಹಯೋಗದಲ್ಲಿ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ಯೋಜನೆ ರೂಪುಗೊಂಡಿತು. ವಿಕಿ ಮಾದರಿಯ ಈ ತಾಣದಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರೇ ಪಾಠಸಾಮಗ್ರಿಯನ್ನು ಬರೆದು ತಿದ್ದುತ್ತಾರೆ.

ಭಾಷೆಯ ಪ್ರಶ್ನೆ

ಸ್ವಯಂ ವೇದಿಕೆಯ ಬಹುಪಾಲು ಪಾಠಕ್ರಮಗಳು ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡದಲ್ಲಿಯೇ ಪರೀಕ್ಷೆ ಬರೆಯುವ ವಿದ್ಯಾರ್ಥಿಗೆ ಇಂತಹ ವೀಡಿಯೊ ಉಚಿತವಾಗಿ ದೊರೆತರೂ ಪೂರ್ಣ ಪ್ರಯೋಜನ ನೀಡುವುದಿಲ್ಲ. ಪರಿಭಾಷೆಯು ಇದಕ್ಕೆ ಒಂದು ಕಾರಣ. ಉದಾಹರಣೆಗೆ, ದಿನಬಳಕೆಯ ಕನ್ನಡದಲ್ಲಿ ವಾಹನದ ಓಟವನ್ನು 'ವೇಗ' ಎನ್ನಲಾಗುತ್ತದೆ. ಆದರೆ ಭೌತವಿಜ್ಞಾನದ ಕನ್ನಡ ಪಠ್ಯಗಳಲ್ಲಿ ದಿಕ್ಕನ್ನು ಪರಿಗಣಿಸದ ಪರಿಮಾಣಕ್ಕೆ 'ಜವ' ಎಂದೂ, ದಿಕ್ಕನ್ನು ಒಳಗೊಂಡ ಪರಿಮಾಣಕ್ಕೆ 'ವೇಗ' ಎಂದೂ ಹೆಸರು. ಇಂಗ್ಲಿಷ್ ವೀಡಿಯೊದಿಂದ ಪರಿಕಲ್ಪನೆಯನ್ನು ಸರಿಯಾಗಿ ಗ್ರಹಿಸಿದ ವಿದ್ಯಾರ್ಥಿಯೂ ಉತ್ತರಪತ್ರಿಕೆಯಲ್ಲಿ ಈ ಎರಡನ್ನು ಅದಲುಬದಲು ಮಾಡುವ ಸಾಧ್ಯತೆಯಿದೆ. ಪಠ್ಯಪುಸ್ತಕದ ಪದವನ್ನೇ ಬಳಸುವ ಕನ್ನಡ ಸಾಮಗ್ರಿಯು ಈ ತೊಡಕನ್ನು ನಿವಾರಿಸುತ್ತದೆ.

ಅನುವಾದಕ್ಕೆ ಅನುಮತಿಯಿರುವ ಸಾಮಗ್ರಿಯಿಂದ ಕನ್ನಡಕ್ಕೆ ಆಗಿರುವ ಲಾಭವು ಗಮನಾರ್ಹ. ಕಂಪ್ಯೂಟರ್ ತಂತ್ರಾಂಶಗಳನ್ನು ಕಲಿಸುವ, ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್' ಮಾಲಿಕೆಯ ಅನೇಕ ಪಾಠಗಳಿಗೆ ಕನ್ನಡ ಧ್ವನಿಯನ್ನು ಅಳವಡಿಸಲಾಗಿದೆ. ಬೆಂಗಳೂರಿನಿಂದ 2015ರಲ್ಲಿ ಆರಂಭವಾದ, ಪ್ರಥಮ್ ಬುಕ್ಸ್ ಸಂಸ್ಥೆಯ 'ಸ್ಟೋರಿವೀವರ್' ತಾಣದಲ್ಲಿ ಮಕ್ಕಳ ಕಥೆಗಳನ್ನು ಓದುಗರೇ ಕನ್ನಡಕ್ಕೆ ಅನುವಾದಿಸಬಹುದು. ಪರವಾನಗಿಯಿಲ್ಲದ ವೀಡಿಯೊವನ್ನು ಹೀಗೆ ಕನ್ನಡಕ್ಕೆ ತಂದು ಪ್ರಕಟಿಸಲು ಪ್ರತಿಯೊಂದಕ್ಕೂ ಹಕ್ಕುದಾರರ ಒಪ್ಪಿಗೆ ಪಡೆಯಬೇಕಾಗುತ್ತದೆ.

ಬಳಕೆಯಲ್ಲಿ ಗಮನಿಸಬೇಕಾದ ಅಂಶಗಳು

ಯೂಟ್ಯೂಬಿನಲ್ಲಿರುವ ವೀಡಿಯೊಗಳು ಸಾಮಾನ್ಯವಾಗಿ ಆ ತಾಣದ ನಿಯತ ಪರವಾನಗಿಯಡಿ ಇರುತ್ತವೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಆರಿಸಿಕೊಂಡಿದ್ದರೆ ವೀಡಿಯೊದ ವಿವರಣೆಯಲ್ಲಿ ಅದು ನಮೂದಾಗಿರುತ್ತದೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳೆಲ್ಲವೂ ಒಂದೇ ಬಗೆಯವಲ್ಲ. 'ವಾಣಿಜ್ಯೇತರ' ಎಂದಿದ್ದರೆ ಲಾಭಕ್ಕಾಗಿ ಬಳಸುವಂತಿಲ್ಲ. 'ಬದಲಾವಣೆ ಸಲ್ಲದು' ಎಂದಿದ್ದರೆ ಅನುವಾದವನ್ನು ಪ್ರಕಟಿಸುವಂತಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣವು ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಕೃತಿಗಳ ಪ್ರತಿ ಮಾಡಿಕೊಳ್ಳಲು ವಿನಾಯಿತಿ ನೀಡುತ್ತದೆ. ಅದೇ ಸಾಮಗ್ರಿಯನ್ನು ಅಂತರಜಾಲದಲ್ಲಿ ಎಲ್ಲರಿಗೂ ಸಿಗುವಂತೆ ಪ್ರಕಟಿಸುವುದು ಬೇರೆಯೇ ವಿಷಯವಾಗಿದ್ದು, ಅದಕ್ಕೆ ಪರವಾನಗಿ ಅಥವಾ ಹಕ್ಕುದಾರರ ಅನುಮತಿಯನ್ನು ನೋಡಿಕೊಳ್ಳಬೇಕು.

ಸಾಮಗ್ರಿಯನ್ನು ಆಯ್ದುಕೊಳ್ಳುವಾಗ ಸಿದ್ಧಪಡಿಸಿದ ಸಂಸ್ಥೆ, ಪ್ರಕಟವಾದ ವರ್ಷ ಹಾಗೂ ಅದು ಯಾವ ಪಠ್ಯಕ್ರಮವನ್ನು ಅನುಸರಿಸುತ್ತದೆ ಎಂಬ ಮೂರು ಸಂಗತಿಗಳನ್ನು ಪರಿಶೀಲಿಸುವುದು ಉಪಯುಕ್ತ. ಪಠ್ಯಕ್ರಮ ಬದಲಾದ ನಂತರವೂ ಹಳೆಯ ವೀಡಿಯೊಗಳು ಅಂತರಜಾಲದಲ್ಲಿ ಉಳಿದಿರುತ್ತವೆ. ಸಂಪರ್ಕ ದುರ್ಬಲವಾಗಿರುವ ಊರುಗಳಲ್ಲಿ ವೀಡಿಯೊಗಿಂತ ಅದರೊಂದಿಗಿರುವ ಲಿಖಿತ ಪಾಠವು ಬೇಗನೆ ತೆರೆದುಕೊಳ್ಳುತ್ತದೆ. ಸ್ವಯಂ ಪ್ರಭಾ ವಾಹಿನಿಗಳನ್ನು ಅಂತರಜಾಲವಿಲ್ಲದೆ ಡಿಟಿಎಚ್ ಮೂಲಕವೂ ವೀಕ್ಷಿಸಬಹುದು.