ಗೋಡೆ ಹತ್ತಿದ ಕೌದಿ

ಕೌದಿ ಎಂದರೆ ನಮ್ಮಲ್ಲಿ ಹೊದೆಯುವುದಕ್ಕೆ, ಹಾಸುವುದಕ್ಕೆ, ತೊಟ್ಟಿಲಿಗೆ. ಅಜ್ಜಿಯ ಹಳೆಯ ಸೀರೆ, ಅಜ್ಜನ ಸವೆದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ ಎಲ್ಲವನ್ನೂ ಪದರ ಪದರವಾಗಿ ಹಾಸಿ ಸಾಲು ಸಾಲಾಗಿ ದಾರ ಓಡಿಸಿದರೆ ಕೌದಿ ಆಯಿತು. ಅದನ್ನು ಗೋಡೆಗೆ ತೂಗುಹಾಕಿ, ಮೇಲೊಂದು ದೀಪ ಬಿಟ್ಟು, ಪಕ್ಕದಲ್ಲಿ ಚೀಟಿ ಅಂಟಿಸಿ ‘ಕಲಾಕೃತಿ’ ಎಂದರೆ ಉತ್ತರ ಕರ್ನಾಟಕದ ಯಾವ ಮನೆಯ ಹಿರಿಯಳಾದರೂ ನಗುತ್ತಾಳೆ. ಚಳಿಗೆ ಹೊದೆಯಬೇಕಾದ್ದನ್ನು ಗೋಡೆಗೆ ಹೊದಿಸಿದರಲ್ಲ ಎಂಬುದು ಆ ನಗುವಿನ ಅರ್ಥ. ಆಕ್ಷೇಪ ಹಗುರಾದದ್ದೇನಲ್ಲ. ಆದರೆ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಸಿತ್ತಿಲಿಂಗಿ ಕಣಿವೆಯ ಲಂಬಾಣಿ ಹೆಂಗಸರು ಕೈಗೆತ್ತಿಕೊಂಡಿರುವ ಕಲಾಕೌದಿಗಳನ್ನು ಮುಂದಿಟ್ಟುಕೊಂಡು ಯೋಚಿಸಿದರೆ ಅದಕ್ಕೊಂದು ಉತ್ತರ ಸಿಗುತ್ತದೆ. ಲಂಬಾಣಿ ಸೂಜಿಗೆಲಸ ಮೊದಲಿನಿಂದಲೂ ನೋಡುವವರಿಗಾಗಿಯೇ ಹುಟ್ಟಿದ್ದು. ಅದಕ್ಕೆ ಗೋಡೆ ಹೊಸದಿರಬಹುದು, ಪ್ರದರ್ಶನ ಹೊಸದಲ್ಲ. ನಾವು ಕೇಳಬೇಕಾದ ಪ್ರಶ್ನೆ ಹಾಸಿಗೆಯೋ ಗೋಡೆಯೋ ಎಂಬುದಕ್ಕಿಂತ, ಆ ಚೀಟಿಯ ಮೇಲೆ ಯಾರ ಹೆಸರಿದೆ ಎಂಬುದು.

ಸಿತ್ತಿಲಿಂಗಿ ಇರುವುದು ಕಲ್ವರಾಯನ್ ಮತ್ತು ಸಿತ್ತೇರಿ ಬೆಟ್ಟಸಾಲುಗಳ ನಡುವೆ. ಅಲ್ಲಿ ಹೆಚ್ಚಿನವರು ಮಲೆಯಾಳಿ ಬುಡಕಟ್ಟಿನವರು. ಹೆಸರು ಕೇಳಿ ಕೇರಳದವರೆಂದುಕೊಳ್ಳಬಾರದು, ಇವರು ಈ ಮಲೆಗಳವರು. ಅವರ ನಡುವೆ ಲಂಬಾಣಿ ತಾಂಡಾಗಳೂ ಇವೆ. 1993ರಲ್ಲಿ ರೆಜಿ ಜಾರ್ಜ್ ಮತ್ತು ಲಲಿತಾ ರೆಜಿ ಎಂಬ ವೈದ್ಯ ದಂಪತಿ ಇಲ್ಲಿ ಹುಲ್ಲಿನ ಗುಡಿಸಲಿನಲ್ಲಿ ಆಸ್ಪತ್ರೆ ತೆರೆದರು. ಅದೇ ಟ್ರೈಬಲ್ ಹೆಲ್ತ್ ಇನಿಶಿಯೇಟಿವ್. ಕಾಯಿಲೆಯ ಬೇರು ಬಡತನದಲ್ಲಿದೆ, ಬಡತನದ ಬೇರು ಹೊಲದಲ್ಲಿ ಮತ್ತು ವಲಸೆಯಲ್ಲಿದೆ ಎಂದು ಕಂಡುಕೊಂಡ ಮೇಲೆ ಆಸ್ಪತ್ರೆಯ ಜೊತೆಗೆ ಸಾವಯವ ರೈತರ ಸಂಘವೂ ಬಂತು. 2006ರ ಸುಮಾರಿಗೆ ತಾಂಡಾದ ಹೆಂಗಸರ ಕಸೂತಿ ಸಂಘ ‘ಪೊರ್ಗೈ’ ಶುರುವಾಯಿತು. ಪೊರ್ಗೈ ಎಂದರೆ ಅವರ ಮಾತಿನಲ್ಲಿ ಹೆಮ್ಮೆ. ಹೆಮ್ಮೆ ಎಂದೇ ಹೆಸರಿಡಬೇಕಾಗಿ ಬಂದದ್ದೇಕೆ ಎಂಬುದಕ್ಕೆ ಕಾರಣವಿದೆ. ಆ ಹೊತ್ತಿಗೆ ಎರಡು ತಲೆಮಾರಿನಿಂದ ಕಣಿವೆಯಲ್ಲಿ ಯಾರೂ ಈ ಕಸೂತಿ ಹಾಕುತ್ತಿರಲಿಲ್ಲ. ಬೆರಳೆಣಿಕೆಯ ಹಿರಿಯ ಹೆಂಗಸರಿಗೆ ಮಾತ್ರ ಅದು ನೆನಪಿತ್ತು. ಆ ನೆನಪೂ ಬಾಯಲ್ಲಿ ಹೇಳಿ ಕಲಿಸುವಂಥದ್ದಾಗಿರದೆ ಬೆರಳ ತುದಿಯಲ್ಲಿ ಉಳಿದದ್ದು. ಅವರ ಪಕ್ಕ ಕೂತು ಕಿರಿಯರು ಒಂದೊಂದೇ ಹೊಲಿಗೆ ಕಲಿತರು. ಕೈಚೀಲ, ದಿಂಬಿನ ಚೀಲ, ಕುರ್ತಾಗಳಿಂದ ಮೊದಲಾದ ಕೆಲಸ ಈಗ ಗೋಡೆಗೆ ತೂಗುವ ಕೌದಿಯವರೆಗೆ ಬಂದಿದೆ.

ಆ ಹಿರಿಯರ ನೆನಪಿನಲ್ಲಿ ಉಳಿದಿದ್ದ ಬಟ್ಟೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ವಾದವೆಲ್ಲ ಅದರ ನಿರಿಗೆಯಲ್ಲೇ ಇದೆ. ಲಂಬಾಣಿ ಹೆಂಗಸಿನ ಫೇಟಿಯಾ ಮೊಳಗಟ್ಟಲೆ ಸುತ್ತಳತೆಯ ಲಂಗ. ಸೊಂಟಪಟ್ಟಿಯಲ್ಲಿ ಕಸೂತಿ ಎಷ್ಟು ದಟ್ಟವೆಂದರೆ ಕೆಳಗಿನ ಬಟ್ಟೆ ಕಾಣುವುದಿಲ್ಲ. ಮೇಲೆ ಬೆನ್ನಿಗೆ ಬರೀ ಲಾಡಿ ಕಟ್ಟುವ ಕಾಂಚಳಿ, ಅದರ ತುಂಬ ಕನ್ನಡಿ ಬಿಲ್ಲೆ, ಕವಡೆ, ನಾಣ್ಯ, ಉಣ್ಣೆಯ ಕುಚ್ಚು. ತಲೆಯಿಂದ ಇಳಿಬಿಟ್ಟ ಹೊದಿಕೆಯ ಅಂಚಿಗೂ ಸಾಲು ನಾಣ್ಯ. ಇಷ್ಟು ಭಾರ ಹೊತ್ತು ಕಟ್ಟಿಗೆ ತರುವುದು, ನೀರು ಸೇದುವುದು ಅನುಕೂಲದ ಮಾತೇನಲ್ಲ. ಅನುಕೂಲವೊಂದೇ ಮುಖ್ಯವಾಗಿದ್ದರೆ ಈ ಉಡುಗೆ ಹುಟ್ಟುತ್ತಲೇ ಇರಲಿಲ್ಲ. ಊರೂರು ಸುತ್ತುವ ಜನಕ್ಕೆ ಮನೆಯ ಗೋಡೆ ಇರಲಿಲ್ಲ, ಕಂಬದ ಕೆತ್ತನೆ, ಬಾಗಿಲವಾಡದ ಹೂಬಳ್ಳಿ ಇರಲಿಲ್ಲ. ಒಕ್ಕಲಿಗ ತನ್ನ ಮನೆಯ ಮುಂಬಾಗಿಲಿಗೆ ಮಾಡಿಸಿದ್ದನ್ನು ಲಂಬಾಣಿ ಹೆಂಗಸು ತನ್ನ ಮೈಮೇಲೆ ಮಾಡಿಕೊಂಡಳು. ಬಿಸಿಲಲ್ಲಿ ನಡೆದರೆ ಅರ್ಧ ಹರಿದಾರಿ ದೂರದಿಂದ ಅವಳ ಕನ್ನಡಿಗಳು ಮಿನುಗುತ್ತಿದ್ದವು. ಅದು ನಡೆದಾಡುವ ಪ್ರದರ್ಶನ. ಮೈಸೂರು ಸೀಮೆಯಿಂದ ಸೇಲಂವರೆಗೆ ಯಾವ ಸಂತೆಯಲ್ಲೂ ಅದಕ್ಕೆ ನೋಡುಗರ ಕೊರತೆ ಇರಲಿಲ್ಲ. ಹಾಗಾಗಿ ಇಂದು ಅದೇ ಹೊಲಿಗೆಗಳು ಗೋಡೆಯ ಮೇಲೆ ಬಂದಾಗ ಸ್ಥಳ ಬದಲಾಗಿದೆ, ಸ್ವಭಾವ ಬದಲಾಗಿಲ್ಲ.

ಚರಿತ್ರೆಯನ್ನು ಚುಟುಕಾಗಿ ಹೇಳಿಬಿಡಬಹುದು. ಎತ್ತುಗಳ ಬೆನ್ನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಘಟ್ಟ ಹತ್ತಿ ಇಳಿಯುತ್ತಿದ್ದ ಜನ ಇವರು. ಇಂದಿನ ಧರ್ಮಪುರಿ, ಕೃಷ್ಣಗಿರಿಗಳ ಬಹುಭಾಗ ಆಗ ಬಾರಾಮಹಲ್. ಮೈಸೂರಿನ ಕೈಯಲ್ಲಿದ್ದ ಆ ಸೀಮೆ 1792ರ ಒಪ್ಪಂದದಲ್ಲಿ ಟಿಪ್ಪುವಿನಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಆ ಒಪ್ಪಂದಕ್ಕೆ ಮುಂಚಿನ ಯುದ್ಧದಲ್ಲಿ ಕಂಪನಿಯ ಸೇನಾಪತಿ ಕಾರ್ನ್‌ವಾಲಿಸನ ಹಸಿದ ಸೈನ್ಯಕ್ಕೆ ಕಾಳು ಹೊತ್ತು ತಂದವರಲ್ಲಿ ಇವರ ಎತ್ತಿನ ಹಿಂಡುಗಳೂ ಇದ್ದವು. ರೈಲು ಬಂದ ಮೇಲೆ ಎತ್ತಿನ ಕೆಲಸ ಮುಗಿಯಿತು. ಅಲೆಮಾರಿಗಳನ್ನೆಲ್ಲ ಅನುಮಾನದಿಂದ ಕಂಡ ಬ್ರಿಟಿಷ್ ಆಡಳಿತ ಕೆಲವೆಡೆ ಇವರನ್ನು ಅಪರಾಧಿ ಬುಡಕಟ್ಟುಗಳ ಪಟ್ಟಿಗೂ ಸೇರಿಸಿತು. ದೂರದಿಂದಲೇ ಗುರುತು ಹಿಡಿಸುವ ಉಡುಗೆ ಅಂಥ ಕಾಲದಲ್ಲಿ ಹೊರೆಯಾಗದೆ ಇರುತ್ತದೆಯೇ? ಇಂದು ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಆಂಧ್ರ ಮತ್ತು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ತಮಿಳುನಾಡಿನಲ್ಲಿ ಎರಡೂ ಅಲ್ಲ. ಫೇಟಿಯಾ ಬಿಟ್ಟು ಗಿರಣಿ ಸೀರೆ ಉಟ್ಟದ್ದನ್ನು ಮರೆವು ಎಂದು ಹಳಿಯುವುದು ಸುಲಭ. ಗುಂಪಿನಲ್ಲಿ ಕಾಣದಂತೆ ಬೆರೆಯುವ ಜಾಣತನವೂ ಅದರಲ್ಲಿತ್ತು.

ಎರಡನೆಯ ಆಕ್ಷೇಪ ಶುದ್ಧಿಯದು. ಲಂಬಾಣಿ ಕಸೂತಿ ಲಂಗ ರವಿಕೆಯದು, ಕೌದಿ ಬೇರೆಯವರದು, ಇವೆರಡನ್ನು ಕೂಡಿಸುವುದು ಪೇಟೆಯ ಹುನ್ನಾರ ಎನ್ನುವವರಿದ್ದಾರೆ. ಬಟ್ಟೆಯೇ ಇದನ್ನು ಅಲ್ಲಗಳೆಯುತ್ತದೆ. ಬಳ್ಳಾರಿ ಸೀಮೆಯ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅಲ್ಲಿ ಲೆಕ್ಕ ಹಾಕಿರುವ 14 ಬಗೆಯ ಹೊಲಿಗೆಗಳಲ್ಲಿ ಕಿಲನ್, ವೇಲೆ, ಬಕ್ಯಾ, ಮಾಕಿ, ರೇಲೋಗಳ ಜೊತೆಗೆ ಒಂದರ ಹೆಸರು ‘ಕೌದಿ’ ಎಂದೇ ಇದೆ. ಎತ್ತಿನ ಬೆನ್ನಿಗೆ ಹೊದಿಸುತ್ತಿದ್ದ ಜೂಲು, ಸಾಮಾನು ತುಂಬುವ ಚೀಲ ಇವೆಲ್ಲ ಪದರ ಕೂಡಿಸಿ ಒತ್ತಾಗಿ ಹೊಲಿದವೇ. ಅಂದರೆ ಬೆಚ್ಚಗಿಡುವ ಪದರ, ಬೆರಗುಗೊಳಿಸುವ ಮೇಲ್ಮೈ ಎರಡೂ ಈ ಜನರ ಕೈಯಲ್ಲಿ ಮೊದಲೇ ಇದ್ದವು. ಕಲಾಕೌದಿಯಲ್ಲಿ ಅವು ಒಂದೇ ಬಟ್ಟೆಗೆ ಬಂದಿವೆ. ಕೆಲಸದ ಕ್ರಮ ಹೇಳುವುದಕ್ಕೆ ಸರಳ: ಮೇಲಿನ ಬಟ್ಟೆಗೆ ಚಿತ್ರ ಇಳಿಸಿ ತುಂಡು ತುಂಡಾಗಿ ಕಸೂತಿ ತುಂಬುವುದು, ತುಂಡುಗಳನ್ನು ಜೋಡಿಸುವುದು, ನಡುವೆ ಪದರ, ಹಿಂದೆ ಅಸ್ತರು ಇಟ್ಟು ಮೂರನ್ನೂ ಹಿಡಿಯುವಂತೆ ದಾರ ಓಡಿಸುವುದು, ಅಂಚು ಕಟ್ಟುವುದು. ಹಾಸುವ ಕೌದಿಗೆ ಇಲ್ಲದ ಒಂದೇ ಒಂದು ಭಾಗ ಇದಕ್ಕಿದೆ. ಹಿಂಬದಿಯ ಮೇಲಂಚಿನಲ್ಲಿ ಕೋಲು ತೂರಿಸಲು ಹೊಲಿದ ಬಟ್ಟೆಯ ಕೊಳವೆ. ಮೊಳೆ ಹೊಡೆದರೆ ಭಾರ ಒಂದೇ ಕಡೆ ಎಳೆದು ಬಟ್ಟೆ ಜೋಲುತ್ತದೆ. ಕೊಳವೆಯಿದ್ದರೆ ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಇನ್ನು ಬೆಳಕು: ಬಿಸಿಲಿಗೆಂದೇ ಹುಟ್ಟಿದ ಈ ಕಲೆಯನ್ನು ಸಂಗ್ರಹಾಲಯಗಳು ಬಣ್ಣ ಮಾಸದಿರಲೆಂದು 50 ಲಕ್ಸ್‌ನ ಮಬ್ಬಿನಲ್ಲಿ ಇಡುತ್ತವೆ. ಗೋಡೆ ಹತ್ತಿದ್ದರಿಂದ ನಿಜವಾಗಿ ಕಳೆದುಕೊಂಡದ್ದು ಏನಾದರೂ ಇದ್ದರೆ ಆ ಬಿಸಿಲನ್ನೇ.

ವಿನ್ಯಾಸ ನಗರದವರದು, ಹೊಲಿಗೆ ಮಾತ್ರ ತಾಂಡಾದ್ದು ಎಂಬ ಮೂರನೆಯ ಮಾತು ಹೆಚ್ಚು ಚುರುಕಾದದ್ದು. ಇದಕ್ಕೆ ಪರಂಪರೆಯ ಹೆಸರಲ್ಲಿ ಉತ್ತರ ಕೊಡಲು ಹೋಗಬಾರದು, ಲೋಕದ ಅನುಭವ ನೋಡಬೇಕು. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯ ಹಳೆಯ ಅಮೆರಿಕನ್ ಕೌದಿಗಳನ್ನು ಅಮೂರ್ತ ಚಿತ್ರಗಳಂತೆ ಗೋಡೆಗೆ ತೂಗಿತು. ಕೌದಿಗೆ ಕಲೆಯ ಪಟ್ಟ ಸಿಕ್ಕಿತು, ಹೊಲಿದವರು ಮಾತ್ರ ಹಿನ್ನೆಲೆಗೆ ಸರಿದರು. ಅದೇ ಸಂಗ್ರಹಾಲಯಕ್ಕೆ 2002ರಲ್ಲಿ ಅಲಬಾಮಾದ ಗೀಸ್ ಬೆಂಡ್ ಹಳ್ಳಿಯ ಕಪ್ಪು ಹೆಂಗಸರ ಕೌದಿಗಳು ಬಂದಾಗ ಒಬ್ಬೊಬ್ಬರ ಹೆಸರೂ ಜೊತೆಗೆ ಬಂತು. ಹಾಗಿದ್ದೂ 2007ರಲ್ಲಿ ಅವರಲ್ಲಿ ಕೆಲವರು ತಮ್ಮ ಪಾಲಿನ ಹಣಕ್ಕಾಗಿ ಕೋರ್ಟ್ ಮೆಟ್ಟಿಲು ಹತ್ತಿದರು, ಮರುವರ್ಷ ರಾಜಿಯಾಯಿತು. ಹೆಸರು ಸಿಕ್ಕಿತೆಂದು ನ್ಯಾಯ ತಾನಾಗಿ ಹಿಂಬಾಲಿಸುವುದಿಲ್ಲ. ಆದರೆ ಹೆಸರೇ ಇಲ್ಲದಿದ್ದರೆ ನ್ಯಾಯ ಕೇಳುವುದಕ್ಕೂ ದಾರಿಯಿಲ್ಲ. ನಮ್ಮದೇ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹೊಲಿದವಳ ಹಕ್ಕನ್ನು ಇನ್ನೊಂದು ಬಗೆಯಲ್ಲಿ ಸಾಧಿಸಿದ್ದಾರೆ. ಅಂಚಿನಿಂದ ಶುರುಮಾಡಿ ಸುತ್ತು ಸುತ್ತುತ್ತ ನಡುವಿಗೆ ಬರುವ ಅವರ ಕೌದಿಗಳು ಅಮೆರಿಕದ ಪ್ರದರ್ಶನಗಳವರೆಗೂ ಹೋಗಿವೆ. ನಾಲ್ಕು ಮೂಲೆಗೂ ‘ಫೂಲ್’ ಎಂಬ ಮಡಿಸಿದ ಬಟ್ಟೆಯ ತ್ರಿಕೋನ ಇಡದಿದ್ದರೆ ಕೌದಿ ಬೆತ್ತಲೆ ಎಂಬುದು ಅವರ ಲೆಕ್ಕ. ಯಾವಾಗ ಕೌದಿ ಮುಗಿಯಿತು ಎಂಬ ತೀರ್ಮಾನ ಹೊಲಿದವಳದೇ, ಕೊಳ್ಳುವವರದಲ್ಲ. ಸಿತ್ತಿಲಿಂಗಿಯಲ್ಲೂ ಅಳತೆಗೋಲು ಅದೇ ಆಗಬೇಕು. ಗೆರೆ ಯಾರು ಎಳೆದರೂ ಸರಿ, ಎಲ್ಲಿ ಯಾವ ಹೊಲಿಗೆ, ಎಲ್ಲಿಗೆ ನಿಲ್ಲಿಸಬೇಕು ಎಂಬ ಮಾತು ತಾಂಡಾದವಳದಾಗಿದ್ದರೆ ಕೆಲಸ ಅವಳದು. ಆ ಮಾತು ಅವಳಿಗೆ ಸಿಗದ ಕಡೆ ಅವಳು ಕೂಲಿ.

ಕೂಲಿಯ ಮಾತೂ ಬರಬೇಕಾದದ್ದೇ. ಕಣಿವೆಯ ಯುವತಿಯರಿಗೆ ಇರುವ ಇನ್ನೊಂದು ದಾರಿ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳದ್ದು. ಅಲ್ಲೂ ಹೊಲಿಗೆಯೇ, ಆದರೆ ಯಂತ್ರದ ಮುಂದೆ, ಮನೆ ಬಿಟ್ಟು, ಒಂದೇ ತೋಳನ್ನು ದಿನವಿಡೀ. ಕಲಾಕೌದಿ ಕೊಳ್ಳುವವರು ಎಷ್ಟು ಜನ, ಅದರಿಂದ ತಾಂಡಾ ಬದುಕೀತೇ ಎಂದರೆ, ಅದೊಂದರಿಂದಲೇ ಖಂಡಿತ ಇಲ್ಲ. ಮನೆ ನಡೆಯುವುದು ಚೀಲ, ಕುರ್ತಾಗಳಿಂದಲೇ. ಆದರೆ ಕೈಚೀಲದ ಮೂಲೆಯಲ್ಲಿ ನಾಲ್ಕು ಗೆರೆ ಹೊಲಿಗೆ ಮಾತ್ರ ಸಾಕು. ಹದಿನಾಲ್ಕು ಬಗೆಯನ್ನೂ ಕಲಿಯುವುದಕ್ಕೆ, ಕಲಿತದ್ದನ್ನು ಮಗಳಿಗೆ ಕೊಡುವುದಕ್ಕೆ ಕಾರಣ ಬೇಕು. ಫೇಟಿಯಾದ ಸೊಂಟಪಟ್ಟಿ ಆ ಕಾರಣವಾಗಿತ್ತು. ಅದು ಹೋದ ಮೇಲೆ ಅಷ್ಟು ದೊಡ್ಡ, ಅಷ್ಟು ಹಟದ ಬಟ್ಟೆ ಉಳಿದಿರುವುದು ಈ ಕೌದಿಯೊಂದೇ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ 1755 ಲಂಬಾಣಿ ಕಸೂತಿ ವಸ್ತುಗಳನ್ನು ಒಟ್ಟಿಗೆ ತೂಗಿ ಗಿನ್ನೆಸ್ ದಾಖಲೆ ಮಾಡಲಾಯಿತು. ಸಂತೋಷದ ಸಂಗತಿ. ದಾಖಲೆಗೆ ಬೇಕಾಗಿದ್ದದ್ದು ವಸ್ತುಗಳ ಎಣಿಕೆ, ಅದು ಸಿಕ್ಕಿತು. ಅಷ್ಟನ್ನೂ ಹೊಲಿದ ಕೈಗಳ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಧರ್ಮಪುರಿ ವೀರಗಲ್ಲುಗಳ ನಾಡು. ಊರಿನ ಸರಕಾರಿ ಸಂಗ್ರಹಾಲಯದಲ್ಲಿ ಅವುಗಳ ಸಾಲೇ ಇದೆ. ದನಗಳಿಗಾಗಿ ಹೋರಾಡಿ ಸತ್ತವನು, ಅವನ ಒಡೆಯ, ಆಳುತ್ತಿದ್ದ ಅರಸನ ವರ್ಷ, ಎಲ್ಲವನ್ನೂ ಅಲ್ಲಿ ಕಲ್ಲಿಗೆ ಹಾಕಿದ್ದಾರೆ. ಸಾವಿರಾರು ದನ ಹೊಡೆದುಕೊಂಡು ಇದೇ ಸೀಮೆ ದಾಟಿದ ಜನರ ಹೆಂಗಸರು ಆ ಎತ್ತುಗಳ ಬೆನ್ನಿಗೆ ಜೂಲು ಹೊಲಿದರು, ತಮ್ಮ ಮೈಗೆ ಕನ್ನಡಿ ಹೊಲಿದರು. ಒಬ್ಬಳ ಹೆಸರೂ ಉಳಿಯಲಿಲ್ಲ, ಬಟ್ಟೆ ಕಲ್ಲಿನ ಹಾಗೆ ಬಾಳುವುದೂ ಇಲ್ಲ. ಸಿತ್ತಿಲಿಂಗಿಯ ಒಂದು ಕೌದಿ, ಹೊಲಿದವರ ಹೆಸರು ಬರೆದ ಚೀಟಿಯೊಂದಿಗೆ, ಆ ಕಲ್ಲುಗಳ ಎದುರಿನ ಗೋಡೆಗೆ ಬಂದರೆ ಹೇಗಿರುತ್ತದೆ? ಮಬ್ಬು ಬೆಳಕಾದರೂ ಸರಿ, ಕನ್ನಡಿ ಬಿಲ್ಲೆಗಳಿಗೆ ಅಷ್ಟು ಸಾಕು.