ರಾಣಿಯರ ಕೈಗೆ ಮೈಕ್ ಬಂದಾಗ

ಇಂಗ್ಲೆಂಡಿನ ಎಂಟನೇ ಹೆನ್ರಿಗೆ ಆರು ಹೆಂಡತಿಯರು. ಚರಿತ್ರೆ ಪುಸ್ತಕದಲ್ಲಿ ಅವರಿಗೆ ಸಿಕ್ಕಿದ್ದು ಒಂದೆರಡು ಸಾಲು. ‘ಸಿಕ್ಸ್’ ಮ್ಯೂಸಿಕಲ್‌ನಲ್ಲಿ ಆರೂ ಜನ ಪಾಪ್ ಸ್ಟಾರ್‌ಗಳು! 2017ರಲ್ಲಿ ಇಬ್ಬರು ಕೇಂಬ್ರಿಡ್ಜ್ ವಿದ್ಯಾರ್ಥಿಗಳು ಬರೆದ ಷೋ ಇದು. 2022ರಲ್ಲಿ ಸಂಗೀತಕ್ಕೆ ಟೋನಿ ಪ್ರಶಸ್ತಿನೂ ಬಂತು. ರಾಜ ಸ್ಟೇಜಿಗೇ ಬರಲ್ಲ. (ಬರದಿದ್ರೇ ಒಳ್ಳೇದು ಬಿಡಿ!)

ಫ್ಯಾನ್‌ಗಳು ತಮ್ಮಿಷ್ಟದ ರಾಣಿ ಥರ ಡ್ರೆಸ್ ಮಾಡ್ಕೊಂಡು ಬರ್ತಾರೆ. ಕೊನೆಯ ಮೆಡ್ಲಿ ಶುರುವಾದ್ರೆ ಫೋನ್‌ಗಳೆಲ್ಲ ಮೇಲೆ. ಅಷ್ಟು ಹೊತ್ತು ವಿಡಿಯೋ ಮಾಡೋಕೆ ಪರ್ಮಿಷನ್ ಇದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಐದನೇ ರಾಣಿ ಕ್ಯಾಥರಿನ್ ಹೋವರ್ಡ್ ಹಾಡು. ಶುರುವಲ್ಲಿ ಬರೀ ತುಂಟತನ, ಕುಣಿಯೋಣ ಅನ್ಸುತ್ತೆ. ಹೋಗ್ತಾ ಹೋಗ್ತಾ ಅದು ಚಿಕ್ಕಂದಿನಿಂದ ಗಂಡಸರು ಅವಳನ್ನು ಬಳಸಿಕೊಂಡ ಕಥೆ ಅಂತ ಅರ್ಥವಾಗುತ್ತೆ. ನಡತೆಗೆಟ್ಟವಳು ಅಂತ 1542ರಲ್ಲಿ ಅವಳ ತಲೆ ಕಡಿಸಿದಾಗ, ಅವಳಿಗೆ ಇಪ್ಪತ್ತರ ಆಸುಪಾಸು.